ಸಹಿ ಹಾಕದವರ ಋಣ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಭಾಷಣಕಾರರು 2004ರ ಎಸ್ಸೆಸ್ಸೆಲ್ಸಿ ಬ್ಯಾಚಿನ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಪ್ಪ, ಮಕ್ಕಳಿಗೆ ಉತ್ಸಾಹ ಬರಲಿ" ಎಂದರು. ಆಯಿತು ಸಾರ್ ಎಂದೆ. ಆದರೆ ಕ್ಷಮೆ ಇರಲಿ, ಇವತ್ತು ನಾನು ಹೇಳಲು ಹೊರಟಿರುವುದು ಒಂದು ನಿದ್ದೆ ಮಾತ್ರೆಯ ಕಥೆ. ಅಮೆರಿಕದ ಅಂಗಡಿಗೆ ಬರಲೇ ಇಲ್ಲದ ಮಾತ್ರೆ ಅದು. ಯಾಕೆ ಬರಲಿಲ್ಲ ಅಂದರೆ, ಒಬ್ಬ ಹೆಣ್ಣುಮಗಳು ಒಂದು ಕಾಗದಕ್ಕೆ ಸಹಿ ಹಾಕಲಿಲ್ಲ. ಅಷ್ಟೇ.

ಅದಕ್ಕೂ ಮೊದಲು ಈ ಶಾಲೆಯಲ್ಲೇ ಬೀಳದೆ ಹೋದ ಒಂದು ಸಹಿಯ ವಿಷಯ ಹೇಳಿಬಿಡುತ್ತೇನೆ.

ಹತ್ತನೆಯ ತರಗತಿಯಲ್ಲಿ ನಮಗೆ ಓಮನ ನಿಯಮದ ಪ್ರಯೋಗ ಇತ್ತು. ನಮ್ಮ ಪ್ರಯೋಗಶಾಲೆ ಅಂದರೆ ಆಗ ಮೂಲೆಯ ಕೊಠಡಿಯಲ್ಲಿ ಎರಡು ಬೀರು, ಒಂದು ಉದ್ದನೆಯ ಮೇಜು. ಇದ್ದದ್ದು ಒಂದೇ ಅಮ್ಮೀಟರ್. ಅದರ ಮುಳ್ಳು ಸೊನ್ನೆಯ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತಿತ್ತು, ಬೆರಳಿನಿಂದ ತಟ್ಟಿದರೆ ಮಾತ್ರ ಮೇಲೇಳುತ್ತಿತ್ತು. ನನ್ನ ಸರದಿ ಬಂದ ದಿನ ನಾನು ಊರಹಬ್ಬಕ್ಕೆ ಹೋಗಿದ್ದೆ. ಮರುದಿನ ಗೈಡ್ ನೋಡಿ ರೆಕಾರ್ಡ್ ಬರೆದೆ. ಐದು ರೀಡಿಂಗು, ಐದಕ್ಕೂ ಉತ್ತರ ಸರಿಯಾಗಿ 2 ಓಮ್. ಗ್ರಾಫಿನ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ. ಇಟ್ಟೇ ಎಳೆದಿದ್ದೆ!

ವಿಜ್ಞಾನದ ಮೇಷ್ಟ್ರು ಹಾಳೆಯನ್ನು ಒಂದು ನಿಮಿಷ ನೋಡಿದರು. ಬೈಯಲಿಲ್ಲ. "ನಮ್ಮ ಮೀಟರಿನಲ್ಲಿ ಇಷ್ಟು ಚೆಂದದ ರೀಡಿಂಗ್ ಬರೋದಿಲ್ಲ ಕಣೋ" ಎಂದು ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟರು. ಸಹಿ ಹಾಕಲಿಲ್ಲ. ತರಗತಿಯಲ್ಲಿ ಎಲ್ಲರ ರೆಕಾರ್ಡಿಗೂ ಸಹಿ ಬಿದ್ದು ನನ್ನದೊಂದು ಉಳಿಯಿತು. ಮೇಷ್ಟ್ರ ಮೇಲೆ ನನಗೆ ಒಂದು ವಾರ ಮಹಾ ಸಿಟ್ಟು. ಮುಂದೇನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಈಗ ಮಾತ್ರೆಯ ಕಥೆಗೆ ಬರೋಣ.

1957ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿಯ ಗ್ರೂನೆಂಥಾಲ್ ಎಂಬ ಕಂಪನಿ ಹೊಸ ಮಾತ್ರೆಯೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಔಷಧದ ಹೆಸರು ಥಾಲಿಡೋಮೈಡ್. ಅಲ್ಲಿನ ಅಂಗಡಿಯ ಹೆಸರು ಕಾಂಟರ್ಗಾನ್. ಮನಸ್ಸಿನ ತಳಮಳ ಇಳಿಸುತ್ತದೆ, ಒಳ್ಳೆಯ ನಿದ್ದೆ ಕೊಡುತ್ತದೆ ಎಂದು ಪ್ರಚಾರ. ಆ ಕಾಲದ ನಿದ್ದೆ ಮಾತ್ರೆಗಳಲ್ಲಿ ಒಂದು ದೊಡ್ಡ ಭಯವಿತ್ತು: ಹೆಚ್ಚು ನುಂಗಿದರೆ ಜೀವವೇ ಹೋಗುತ್ತಿತ್ತು. ಇದು ಹಾಗಲ್ಲ, ಎಷ್ಟು ಕೊಟ್ಟರೂ ಇಲಿಗಳು ಸಾಯುವುದಿಲ್ಲ, ಅಷ್ಟು ನಿರಪಾಯ ಎಂದು ಕಂಪನಿ ಹೇಳಿತು. ಜರ್ಮನಿಯಲ್ಲಿ ವೈದ್ಯರ ಚೀಟಿಯೂ ಬೇಕಾಗಿರಲಿಲ್ಲ. ಬಸಿರಿಯರಿಗೆ ಬೆಳಗಿನ ಹೊತ್ತು ವಾಂತಿ, ಸಂಕಟ ಇರುತ್ತದಲ್ಲ, ಅದಕ್ಕೂ ಇದು ಒಳ್ಳೆಯದು ಎಂದು ಕೊಡತೊಡಗಿದರು. ಬ್ರಿಟನ್ನಿನಲ್ಲಿ ಬಂತು, ಆಸ್ಟ್ರೇಲಿಯಾದಲ್ಲಿ ಬಂತು. ಕೊನೆಗೆ 40ಕ್ಕೂ ಹೆಚ್ಚು ದೇಶಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಯಿತು.

ಇನ್ನು ಉಳಿದದ್ದು ಅಮೆರಿಕ, ಎಲ್ಲಕ್ಕಿಂತ ದೊಡ್ಡ ಮಾರುಕಟ್ಟೆ. ಅಲ್ಲಿನ ಮೆರೆಲ್ ಎಂಬ ಕಂಪನಿ ಈ ಮಾತ್ರೆಯನ್ನು ಕೆವಡಾನ್ ಎಂಬ ಹೆಸರಿನಲ್ಲಿ ಮಾರಲು 1960ರ ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿತು. ಅರ್ಜಿ ಹೋದದ್ದು ಎಫ್.ಡಿ.ಎ.ಗೆ, ಅಂದರೆ ಆಹಾರ ಮತ್ತು ಔಷಧಗಳ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಇಲಾಖೆಗೆ. ಕಡತ ಬಂದು ಬಿದ್ದದ್ದು ಫ್ರಾನ್ಸಿಸ್ ಓಲ್ಡ್‌ಹ್ಯಾಮ್ ಕೆಲ್ಸಿ ಎಂಬಾಕೆಯ ಮೇಜಿನ ಮೇಲೆ. ಆಕೆ ಕೆಲಸಕ್ಕೆ ಸೇರಿ ಒಂದು ತಿಂಗಳು. ಹೊಸಬರು, ಸುಲಭದ್ದೊಂದು ಕೊಡೋಣ ಎಂದೇ ಇದನ್ನು ಕೊಟ್ಟಿದ್ದರಂತೆ. ಬೇರೆ ದೇಶಗಳಲ್ಲಿ ಮಾರಾಟವಾಗುತ್ತಿರುವ ನಿದ್ದೆ ಮಾತ್ರೆ, ಅದರಲ್ಲಿ ನೋಡುವುದೇನಿದೆ?

ಈ ಹೆಣ್ಣುಮಗಳು ಯಾರು ಎಂದು ಎರಡು ಮಾತು ಹೇಳಬೇಕು. ಹುಟ್ಟಿದ್ದು 1914ರಲ್ಲಿ, ಕೆನಡಾದ ವ್ಯಾಂಕೂವರ್ ದ್ವೀಪದ ಕಾಬಲ್ ಹಿಲ್ ಎಂಬ ಸಣ್ಣ ಊರಿನಲ್ಲಿ. ಓದು ಮುಗಿಸಿ ಷಿಕಾಗೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರಿಗೆ ಕೆಲಸ ಕೇಳಿ ಪತ್ರ ಬರೆದರು. ಕೆಲಸ ಸಿಕ್ಕಿತು. ಆದರೆ ಬಂದ ಪತ್ರದಲ್ಲಿ "ಶ್ರೀಯುತ ಓಲ್ಡ್‌ಹ್ಯಾಮ್ ಅವರಿಗೆ" ಎಂದಿತ್ತು! ಅವರ ಭಾಷೆಯಲ್ಲಿ ಫ್ರಾನ್ಸಿಸ್ ಗಂಡಿಗೂ ಇರುತ್ತದೆ, ಹೆಣ್ಣಿಗೂ ಇರುತ್ತದೆ. ಬರೆಯುವಾಗ ಒಂದಕ್ಷರ ವ್ಯತ್ಯಾಸ. ನಮ್ಮಲ್ಲಿ ಶಶಿ ಅಂದರೆ ಹುಡುಗನೋ ಹುಡುಗಿಯೋ ತಿಳಿಯುವುದಿಲ್ಲವಲ್ಲ, ಹಾಗೆ. ಆಕೆ ಹೋಗಿ ಸೇರಿಕೊಂಡರು. ಹೆಣ್ಣೆಂದು ಗೊತ್ತಿದ್ದರೆ ಕೆಲಸ ಕೊಡುತ್ತಿದ್ದರೋ ಇಲ್ಲವೋ ಎಂಬ ಅನುಮಾನ ಆಕೆಗೆ ಕೊನೆಯವರೆಗೂ ಇತ್ತು.

ಅಲ್ಲಿದ್ದಾಗ, 1937ರಲ್ಲಿ, ಒಂದು ದುರಂತ ನಡೆಯಿತು. ಗಂಟಲು ನೋವಿನಂಥ ಸೋಂಕುಗಳಿಗೆ ಸಲ್ಫಾ ಎಂಬ ಒಳ್ಳೆಯ ಔಷಧವಿತ್ತು. ಮಕ್ಕಳು ಕುಡಿಯುವ ಹಾಗೆ ಅದನ್ನು ಸಿಹಿ ಸಿರಪ್ ಮಾಡಲು ಒಂದು ಕಂಪನಿ ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿತು. ರುಚಿ ನೋಡಿದರು, ಬಣ್ಣ ನೋಡಿದರು, ವಾಸನೆ ನೋಡಿದರು. ವಿಷವೋ ಅಲ್ಲವೋ ಎಂದು ಮಾತ್ರ ನೋಡಲಿಲ್ಲ. ಮೂತ್ರಪಿಂಡ ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಮಕ್ಕಳು. ಕಾರಣ ಹುಡುಕುವ ಕೆಲಸ ಆ ಪ್ರಾಧ್ಯಾಪಕರ ಪ್ರಯೋಗಶಾಲೆಗೆ ಬಂತು. ಇಲಿಗಳಿಗೆ ಕೊಟ್ಟು ಏನಾಗುತ್ತದೆ ಎಂದು ಗಮನಿಸಿದವರಲ್ಲಿ ಈ ಕೆಲ್ಸಿಯೂ ಒಬ್ಬರು. ಮಾರುವ ಮೊದಲು ಔಷಧ ನಿರಪಾಯ ಎಂದು ತೋರಿಸಬೇಕು ಎಂಬ ಕಾನೂನು ಅಮೆರಿಕದಲ್ಲಿ ಬಂದದ್ದು ಆಮೇಲೆ, 1938ರಲ್ಲಿ.

ಯುದ್ಧದ ಕಾಲದಲ್ಲಿ ಆಕೆ ಮಲೇರಿಯಾ ಔಷಧಗಳ ಮೇಲೆ ಕೆಲಸ ಮಾಡಿದರು. ಆಗ ಒಂದು ಸಂಗತಿ ಕಂಡರು. ಬೆಳೆದ ಮೊಲ ಕ್ವಿನೈನನ್ನು ತನ್ನ ಮೈಯಲ್ಲಿ ಬೇಗ ಅರಗಿಸಿಬಿಡುತ್ತದೆ. ಅದರ ಹೊಟ್ಟೆಯಲ್ಲಿರುವ ಮರಿಗೆ ಅದು ಸಾಧ್ಯವಿಲ್ಲ. ತಾಯಿ ತಡೆದುಕೊಂಡದ್ದನ್ನು ಮರಿ ತಡೆದುಕೊಳ್ಳಲಾರದು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ಮೇಜಿನ ಮೇಲೆ ಕೆವಡಾನ್ ಕಡತ ಇದೆ. ಅಂದಿನ ಕಾನೂನಿನಲ್ಲಿ ಒಂದು ವಿಚಿತ್ರವಿತ್ತು. 60 ದಿನದೊಳಗೆ ಇಲಾಖೆ ಏನೂ ಹೇಳದಿದ್ದರೆ ಔಷಧ ತಾನಾಗಿಯೇ ಮಾರಾಟಕ್ಕೆ ಹೋಗುತ್ತಿತ್ತು. ಅಂದರೆ ಅಧಿಕಾರಿ ಸುಮ್ಮನೆ ಕೂತರೂ ಸಹಿ ಹಾಕಿದ ಹಾಗೆಯೇ. ತಡೆಯಬೇಕಾದರೆ ಕಾರಣ ಬರೆದು ತಡೆಯಬೇಕು.

ಕೆಲ್ಸಿ ಒಬ್ಬರೇ ಓದಲಿಲ್ಲ. ಜೊತೆಯಲ್ಲಿ ಔಷಧವಿಜ್ಞಾನಿ ಜಿರೋ ಓಯಾಮ, ರಸಾಯನವಿಜ್ಞಾನಿ ಲೀ ಗೈಸ್ಮಾರ್ ಇದ್ದರು. ಮೂವರಿಗೂ ಸಮಾಧಾನವಾಗಲಿಲ್ಲ. ಕಡತದಲ್ಲಿ ಹೊಗಳಿಕೆ ಬಹಳ ಇತ್ತು, ಅಳತೆ ಕಡಿಮೆ ಇತ್ತು. ಬಹಳಷ್ಟು ಕಡೆ "ನನ್ನ ರೋಗಿಗಳಿಗೆ ಕೊಟ್ಟೆ, ಚೆನ್ನಾಗಿದೆ" ಎಂದು ವೈದ್ಯರು ಬರೆದ ಶಿಫಾರಸುಗಳು. ಇನ್ನೊಂದು ಪ್ರಶ್ನೆ ನೋಡಿ. ಮನುಷ್ಯರಿಗೆ ನಿದ್ದೆ ತರಿಸುವ ಈ ಮಾತ್ರೆ ಪ್ರಾಣಿಗಳಿಗೆ ನಿದ್ದೆಯನ್ನೇ ತರಿಸುತ್ತಿರಲಿಲ್ಲ. ಹಾಗಾದರೆ ಅದು ಇಲಿಯ ಮೈಗೆ ಸರಿಯಾಗಿ ಸೇರುತ್ತಲೇ ಇಲ್ಲವೇನೋ? ಸೇರದಿದ್ದ ಮೇಲೆ, ಎಷ್ಟು ಕೊಟ್ಟರೂ ಇಲಿ ಸಾಯಲಿಲ್ಲ ಎಂಬ ಮಾತಿಗೆ ಬೆಲೆ ಏನು?

ನಮ್ಮ ಮೇಷ್ಟ್ರು ಕೇಳಿದ್ದೂ ಇದನ್ನೇ ಅಲ್ಲವೇ? ಈ ಮೀಟರಿನಲ್ಲಿ ಈ ರೀಡಿಂಗ್ ಹೇಗೆ ಬಂತು?

ನವೆಂಬರಿನಲ್ಲಿ, 60 ದಿನ ತುಂಬುವ ಮೊದಲು, ಅರ್ಜಿ ಅಪೂರ್ಣ ಎಂದು ಪತ್ರ ಹೋಯಿತು. ಕಂಪನಿ ಇನ್ನಷ್ಟು ಕಾಗದ ಕಳಿಸಿತು. ಗಡಿಯಾರ ಮತ್ತೆ ಮೊದಲಿನಿಂದ ಶುರು. ಮತ್ತೆ ಓದಿದರು, ಮತ್ತೆ ಸಾಲದು ಎಂದು ಬರೆದರು. ಕ್ರಿಸ್ಮಸ್ ವ್ಯಾಪಾರಕ್ಕೆ ಮಾತ್ರೆ ಅಂಗಡಿಯಲ್ಲಿರಬೇಕು ಎಂದು ಕಂಪನಿಗೆ ಅವಸರ. ಫೋನ್ ಮಾಡಿದರು, ಖುದ್ದಾಗಿ ಬಂದರು, ಮೇಲಧಿಕಾರಿಗಳಿಗೆ ದೂರು ಹೇಳಿದರು. ಆಕೆಯ ಒಂದು ಪತ್ರ ಮಾನಹಾನಿ ಮಾಡುವಂತಿದೆ ಎಂದೂ ಆಕ್ಷೇಪಿಸಿದರು. ಮೇಲಿನವರು ಆಕೆಯ ಬೆನ್ನಿಗೆ ನಿಂತರು. ಇದೂ ಸಣ್ಣ ಮಾತಲ್ಲ.

1961ರ ಫೆಬ್ರವರಿಯಲ್ಲಿ, ಬ್ರಿಟಿಷ್ ವೈದ್ಯಕೀಯ ಪತ್ರಿಕೆಯ ಹಿಂದಿನ ಡಿಸೆಂಬರ್ 31ರ ಸಂಚಿಕೆ ಆಕೆಯ ಕಣ್ಣಿಗೆ ಬಿತ್ತು. ಅದರಲ್ಲಿ ಸ್ಕಾಟ್ಲೆಂಡಿನ ವೈದ್ಯರೊಬ್ಬರ ಪುಟ್ಟ ಪತ್ರ. ಈ ಮಾತ್ರೆಯನ್ನು ಬಹಳ ದಿನ ತೆಗೆದುಕೊಂಡ ರೋಗಿಗಳಿಗೆ ಕೈಕಾಲು ಜೋಮು ಹಿಡಿಯುತ್ತಿದೆ, ಇದಕ್ಕೆ ಔಷಧವೇ ಕಾರಣ ಇರಬಹುದೇ ಎಂದು ಕೇಳಿದ್ದರು. ಕಂಪನಿ ಈ ವಿಷಯ ತಿಳಿಸಿರಲಿಲ್ಲ. ಕೆಲ್ಸಿಗೆ ಹಳೆಯ ಮೊಲದ ಮರಿ ನೆನಪಾಯಿತು. ದೊಡ್ಡವರ ನರಕ್ಕೇ ಪೆಟ್ಟು ಬೀಳುವುದಾದರೆ ಹೊಟ್ಟೆಯಲ್ಲಿರುವ ಕೂಸಿನ ಗತಿ ಏನು? ಬಸಿರಿಯರಿಗೆ ಇದು ಸುರಕ್ಷಿತ ಎನ್ನಲು ಏನು ಆಧಾರವಿದೆ ಎಂದು ಮೇ ತಿಂಗಳಿನಲ್ಲಿ ಕೇಳಿದರು. ಕಂಪನಿಯ ಬಳಿ ಉತ್ತರ ಇರಲಿಲ್ಲ.

ಉತ್ತರ ಬಂದದ್ದು ಹೆರಿಗೆ ಕೋಣೆಗಳಿಂದ. ಜರ್ಮನಿಯಲ್ಲಿ ಕೈಗಳೇ ಬೆಳೆಯದ, ಹೆಗಲಿನ ಹತ್ತಿರವೇ ಬೆರಳು ಮೂಡಿದ, ಕಾಲು ಮೊಟಕಾದ, ಕಿವಿಯಿಲ್ಲದ ಮಕ್ಕಳು ಒಂದರ ಹಿಂದೆ ಒಂದು ಹುಟ್ಟುತ್ತಿದ್ದವು. 1961ರ ನವೆಂಬರಿನಲ್ಲಿ ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿದುಕಿಂಡ್ ಲೆನ್ಸ್ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ, ಈ ಮಾತ್ರೆಯೇ ಕಾರಣ ಎಂದು ಹೇಳಿದರು. ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಕೂಡ ಅದನ್ನೇ ಬರೆದರು. ಆ ತಿಂಗಳ ಕೊನೆಯಲ್ಲಿ ಜರ್ಮನಿಯ ಅಂಗಡಿಗಳಿಂದ ಮಾತ್ರೆ ಹೋಯಿತು. ಅಷ್ಟರಲ್ಲಿ ಹೊತ್ತು ಮೀರಿತ್ತು. ಬಸಿರು ನಿಂತ ಮೇಲೆ ಸುಮಾರು 20ನೆಯ ದಿನದಿಂದ 36ನೆಯ ದಿನದೊಳಗೆ ಒಂದೇ ಒಂದು ಮಾತ್ರೆ ಸಾಕು. ಎಷ್ಟೋ ತಾಯಂದಿರಿಗೆ ಆಗ ತಾನು ಬಸಿರಿ ಎಂಬುದೇ ಖಾತ್ರಿಯಾಗಿರುವುದಿಲ್ಲ. ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟಿದವು, ಜರ್ಮನಿಯೊಂದರಲ್ಲೇ ಸುಮಾರು 5,000. ಹೊಟ್ಟೆಯಲ್ಲೇ ಹೋದವುಗಳ ಲೆಕ್ಕ ಬೇರೆ.

ಬಹಳ ಕಾಡುವ ಸಂಗತಿಯೊಂದಿದೆ. ಕಿವಿಯಿಲ್ಲದ ಮೊದಲ ಮಗು ಹುಟ್ಟಿದ್ದು 1956ರ ಡಿಸೆಂಬರ್ 25ರಂದು, ಮಾತ್ರೆ ಮಾರುಕಟ್ಟೆಗೆ ಬರುವ ಮೊದಲೇ. ಅದು ಆ ಕಂಪನಿಯ ನೌಕರನ ಮನೆಯ ಮಗು. ಮಾತ್ರೆಯ ಸ್ಯಾಂಪಲ್ಲನ್ನು ಆತ ಬಸಿರಿ ಹೆಂಡತಿಗೆ ತಂದುಕೊಟ್ಟಿದ್ದ. ಯಾರೂ ಎರಡನ್ನೂ ಜೋಡಿಸಿ ನೋಡಲಿಲ್ಲ.

ಅಮೆರಿಕದಲ್ಲಿ ಕಂಪನಿ 1962ರ ಮಾರ್ಚಿನಲ್ಲಿ ಅರ್ಜಿ ಹಿಂದೆ ತೆಗೆದುಕೊಂಡಿತು. ಮಾತ್ರೆ ಅಂಗಡಿಗೆ ಬರಲೇ ಇಲ್ಲ. ಆದರೂ ಅಮೆರಿಕ ಪೂರ್ತಿ ಪಾರಾಗಲಿಲ್ಲ. ಪರೀಕ್ಷೆಗೆಂದು ಹೇಳಿ ಕಂಪನಿ ಸಾವಿರಕ್ಕೂ ಹೆಚ್ಚು ವೈದ್ಯರಿಗೆ 25 ಲಕ್ಷ ಮಾತ್ರೆ ಹಂಚಿಬಿಟ್ಟಿತ್ತು. ಆಗ ಅದಕ್ಕೆ ಅಡ್ಡಿಯಿರಲಿಲ್ಲ. ನುಂಗಿದ ಎಷ್ಟೋ ಜನಕ್ಕೆ ಅದು ಪರೀಕ್ಷೆಯ ಮಾತ್ರೆ ಎಂದೇ ತಿಳಿಯದು. ಅಲ್ಲಿ 17 ಮಕ್ಕಳಿಗೆ ತೊಂದರೆಯಾದದ್ದು ದಾಖಲಾಯಿತು. ಪಕ್ಕದ ಕೆನಡಾ, ಅಂದರೆ ಕೆಲ್ಸಿ ಹುಟ್ಟಿದ ದೇಶ, ಇದೇ ಕೆವಡಾನಿಗೆ ಒಪ್ಪಿಗೆ ಕೊಟ್ಟಿತ್ತು. ಅಲ್ಲಿ ನೂರಕ್ಕೂ ಹೆಚ್ಚು ಮಕ್ಕಳು.

1962ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನಡಿ ಆಕೆಗೆ ಸರ್ಕಾರಿ ನೌಕರರಿಗೆ ಕೊಡುವ ಅತ್ಯುನ್ನತ ಪ್ರಶಸ್ತಿ ಕೊಟ್ಟರು. ಇದು ನನ್ನೊಬ್ಬಳ ಕೆಲಸವಲ್ಲ, ಓಯಾಮ ಮತ್ತು ಗೈಸ್ಮಾರ್ ಅವರದ್ದೂ ಹೌದು ಎಂದು ಆಕೆ ಹೇಳುತ್ತಲೇ ಬಂದರು. ಅದೇ ಅಕ್ಟೋಬರಿನಲ್ಲಿ ಹೊಸ ಕಾನೂನು ಬಂತು. ಔಷಧ ಕೆಲಸ ಮಾಡುತ್ತದೆ ಎಂದು ಸರಿಯಾದ ಪರೀಕ್ಷೆಯಿಂದ ತೋರಿಸಬೇಕು, ಪರೀಕ್ಷೆಗೆ ಒಳಗಾಗುವವರ ಒಪ್ಪಿಗೆ ಪಡೆಯಬೇಕು, ಸುಮ್ಮನಿದ್ದರೆ ಒಪ್ಪಿಗೆ ಎಂಬ ಪದ್ಧತಿ ಹೋಗಬೇಕು. ಕೆಲ್ಸಿ ಅದೇ ಇಲಾಖೆಯಲ್ಲಿ 90 ವರ್ಷ ವಯಸ್ಸಿನವರೆಗೆ ದುಡಿದು, 2015ರಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಾತ್ರೆ ಮಾಡಿದ ಕಂಪನಿ ಆ ಮಕ್ಕಳ ಕ್ಷಮೆ ಕೇಳಿದ್ದು 2012ರಲ್ಲಿ. ಆ ಹೊತ್ತಿಗೆ ಆ ಮಕ್ಕಳಿಗೆ 50 ದಾಟಿತ್ತು.

ಇಷ್ಟೆಲ್ಲ ಕೇಳಿ ಆ ಔಷಧವೇ ಪಾಪಿ ಎಂದುಕೊಳ್ಳಬೇಡಿ. 1964ರಲ್ಲಿ ಜೆರುಸಲೇಮಿನ ವೈದ್ಯರೊಬ್ಬರು ಕುಷ್ಠರೋಗದ ಒಂದು ಬಗೆಯ ಉರಿಯೂತದ ನೋವಿಗೆ ಇದೇ ಮಾತ್ರೆ ಪರಿಹಾರ ಎಂದು ಕಂಡುಕೊಂಡರು. ಅದೇ ಎಫ್.ಡಿ.ಎ. 1998ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು, ಬಸಿರಿಯರ ಹತ್ತಿರ ಸುಳಿಯದಂತೆ ಬಿಗಿ ಕಟ್ಟುಪಾಡು ಹಾಕಿ. 2006ರಲ್ಲಿ ಮಲ್ಟಿಪಲ್ ಮೈಲೋಮ ಎಂಬ ರಕ್ತದ ಕ್ಯಾನ್ಸರಿಗೂ ಒಪ್ಪಿಗೆ ಸಿಕ್ಕಿತು. ಬೇಡ ಎನ್ನುವುದೇ ದೊಡ್ಡ ಗುಣ ಅಂತ ನಾನು ಹೇಳುತ್ತಿಲ್ಲ. ಕೇಳಬೇಕಾದ್ದನ್ನು ಕೇಳಿ, ಉತ್ತರ ಬಂದ ಮೇಲೆ ಸಹಿ ಹಾಕುವುದು ಗುಣ.

ಇದೆಲ್ಲ ದೂರದ ಕಥೆ ಎನ್ನುವ ಹಾಗಿಲ್ಲ. 1937ರಲ್ಲಿ ಅಮೆರಿಕದ ಮಕ್ಕಳನ್ನು ಕೊಂದ ಆ ಡೈಎಥಿಲೀನ್ ಗ್ಲೈಕಾಲ್, 2019ರ ಕೊನೆ ಮತ್ತು 2020ರ ಆರಂಭದಲ್ಲಿ ಜಮ್ಮುವಿನ ಉಧಂಪುರ ಜಿಲ್ಲೆಯಲ್ಲಿ ಮಕ್ಕಳು ಕುಡಿದ ಕೆಮ್ಮಿನ ಸಿರಪ್ಪಿನಲ್ಲಿ ಸಿಕ್ಕಿತು. ಎಂಬತ್ತು ವರ್ಷದ ಹಿಂದೆ ಕಲಿತ ಪಾಠವನ್ನು ಎಲ್ಲೋ ಯಾರೋ ಮರೆತಿದ್ದರು.

ಯಾರೋ ಎಂದೆ. ಆ ಸಾಲಿನಲ್ಲಿ ನಾನೂ ನಿಲ್ಲುವುದು ಸ್ವಲ್ಪದರಲ್ಲಿ ತಪ್ಪಿತು. ಅದನ್ನು ಹೇಳದೆ ಇಳಿದರೆ ಈ ಭಾಷಣಕ್ಕೆ ಅರ್ಥವಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಹೊರದೇಶದ ಆಸ್ಪತ್ರೆಗೆ ಒಂದು ತಂತ್ರಾಂಶ ಮಾಡುತ್ತಿತ್ತು. ಮಗುವಿನ ತೂಕ ಹಾಕಿದರೆ ಎಷ್ಟು ಔಷಧ ಕೊಡಬೇಕು ಎಂದು ಅದು ಲೆಕ್ಕ ಹೇಳುತ್ತದೆ. ಪರೀಕ್ಷೆ ಮಾಡುವ ಹುಡುಗಿ, ಕೆಲಸಕ್ಕೆ ಹೊಸಬಳು, ಶುಕ್ರವಾರ ಸಂಜೆ ನನ್ನ ಹತ್ತಿರ ಬಂದು, "ಸಾರ್, ತೂಕದ ಭಾಗ ಇನ್ನೊಂದು ದಿನ ನೋಡಬೇಕು" ಎಂದಳು. ಅಂದೇ ಕಳಿಸಬೇಕಿತ್ತು. ಮೇಲಿನಿಂದ ಎರಡು ಸಲ ಫೋನ್ ಬಂದಿತ್ತು. "ಏನೂ ಆಗಲ್ಲಮ್ಮ" ಎಂದು ನಾನೇ ಒಪ್ಪಿಗೆಯ ಗುಂಡಿ ಒತ್ತಿದೆ. ನಮ್ಮ ಕಡೆ ಸಹಿ ಅಂದರೆ ಅದೇ.

ಅಲ್ಲಿನವರು ತೂಕವನ್ನು ಪೌಂಡಿನಲ್ಲೂ ಬರೆಯುತ್ತಾರೆ. 11 ಕೆ.ಜಿ.ಯ ಮಗು ಪೌಂಡಿನಲ್ಲಿ 24. ಒಂದು ಪರದೆಯಲ್ಲಿ ನಮ್ಮ ತಂತ್ರಾಂಶ ಆ 24ನ್ನು ಕೆ.ಜಿ. ಎಂದೇ ತಿಳಿದು, ಎರಡರಷ್ಟಕ್ಕೂ ಹೆಚ್ಚು ಔಷಧ ಹೇಳುತ್ತಿತ್ತು. ಆಸ್ಪತ್ರೆಯಲ್ಲಿ ಬಳಕೆಗೆ ತರುವ ಮೊದಲು ಪ್ರಯೋಗಕ್ಕೆಂದು ಓಡಿಸಿ ನೋಡಿದಾಗ ಅಲ್ಲಿನ ನರ್ಸ್ ಒಬ್ಬರು, ಇಷ್ಟು ಪುಟ್ಟ ಮಗುವಿಗೆ ಇಷ್ಟು ಔಷಧವೇ ಎಂದು ಕೇಳಿದರಂತೆ. ಯಾವ ಮಗುವಿಗೂ ಏನೂ ಆಗಲಿಲ್ಲ. ಕಂಪನಿಯಲ್ಲಿ ನನಗೆ ಯಾರೂ ಹೆಚ್ಚು ಅನ್ನಲೂ ಇಲ್ಲ. ಆದರೆ ಅವತ್ತು ನನ್ನ ಮಗಳಿಗೆ ಎರಡು ವರ್ಷ. ಅವಳ ತೂಕ 11 ಕೆ.ಜಿ. ಹಲವು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ದಿನಗಳಲ್ಲೇ ನಾನು ಕೆಲ್ಸಿಯ ಕಥೆ ಓದಿದ್ದು.

ಓದುವಾಗ ನೆನಪಾದದ್ದು ನಮ್ಮ ಮೇಷ್ಟ್ರು. ಆ ಸೋಮವಾರ ನಾನು ಆ ಹುಡುಗಿಯ ಮೇಜಿನ ಹತ್ತಿರ ಹೋಗಿ, ತಪ್ಪು ನನ್ನದು ಎಂದೆ. ಅಲ್ಲಿಂದೀಚೆಗೆ ನಮ್ಮ ತಂಡದಲ್ಲಿ ಪರೀಕ್ಷೆ ಮಾಡಿದವರು ಸಾಲದು ಅಂದರೆ ಕೆಲಸ ನಿಲ್ಲುತ್ತದೆ. ಎಷ್ಟೋ ಸಲ ತಡವಾಗಿದೆ, ಬೈಸಿಕೊಂಡಿದ್ದೇನೆ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ, ಮಾತ್ರೆಯಿಲ್ಲದೆ!

ಮಕ್ಕಳೇ, ನೀವು ಮುಂದೆ ಏನಾದರೂ ಆಗಿ. ಗ್ರಾಮ ಪಂಚಾಯಿತಿಯಲ್ಲಿ ಬಿಲ್ಲಿಗೆ ಸಹಿ ಹಾಕುವವರಾಗಬಹುದು, ಔಷಧದ ಅಂಗಡಿ ಇಡಬಹುದು, ಸೇತುವೆ ಕಟ್ಟಬಹುದು, ಇದೇ ಶಾಲೆಗೆ ಮೇಷ್ಟ್ರಾಗಿ ಬರಬಹುದು. ಒಂದಲ್ಲ ಒಂದು ದಿನ ಒಂದು ಕಾಗದ ನಿಮ್ಮ ಮುಂದೆ ಬರುತ್ತದೆ. ಎಲ್ಲರೂ ಹಾಕಿದ್ದಾರೆ, ನೀವೂ ಹಾಕಿಬಿಡಿ ಎನ್ನುತ್ತಾರೆ. ಆಗ ಒಂದು ನಿಮಿಷ ಆ ಹಾಳೆ ನೋಡಿ. ತಾಯಂದಿರಿಗೆ ಒಂದೇ ಮಾತು: ಬಸಿರಿದ್ದಾಗ ಅಂಗಡಿಯವನು ಕೊಟ್ಟ, ಪಕ್ಕದ ಮನೆಯವರು ಹೇಳಿದರು ಎಂದು ಯಾವ ಮಾತ್ರೆಯನ್ನೂ ನುಂಗಬೇಡಿ. ಡಾಕ್ಟರನ್ನು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಬಂದ ಅನಾಹುತ ಎಲ್ಲರಿಗೂ ಕಾಣುತ್ತದೆ. ಬಾರದೆ ಹೋದ ಅನಾಹುತ ಯಾರಿಗೂ ಕಾಣುವುದಿಲ್ಲ. ಕೈಕಾಲು ಸರಿಯಾಗಿ ಹುಟ್ಟಿದ ಅಮೆರಿಕದ ಸಾವಿರಾರು ಮಕ್ಕಳಲ್ಲಿ ಯಾರಿಗೂ ತಾನು ಆಕೆಯ ಋಣದಲ್ಲಿದ್ದೇನೆ ಎಂದು ತಿಳಿಯದು. ನಮ್ಮ ಮೇಷ್ಟ್ರ ಋಣವೂ ಅಂಥದ್ದೇ.

ಆ ರೆಕಾರ್ಡಿನ ಕಥೆ ಬಾಕಿ ಇದೆ. ಒಂದು ವಾರದ ಮೇಲೆ ಸಂಜೆ ನಾಲ್ಕೂವರೆಗೆ ಮೇಷ್ಟ್ರು ಪ್ರಯೋಗಶಾಲೆಯ ಬೀಗ ತೆಗೆದು ನನ್ನೊಬ್ಬನಿಗಾಗಿ ಕುಳಿತರು. ಅಮ್ಮೀಟರನ್ನು ತಟ್ಟಿ ತಟ್ಟಿ ಐದು ರೀಡಿಂಗ್ ತೆಗೆದೆ. 1.8 ಬಂತು, 2.3 ಬಂತು, ಒಂದು 2.1. ಗ್ರಾಫಿನಲ್ಲಿ ಚುಕ್ಕಿಗಳು ಗೆರೆಯ ಆಚೆ ಈಚೆ ಬಿದ್ದವು. ನಾಚಿಕೆಯಿಂದಲೇ ತೋರಿಸಿದೆ. "ಈಗ ಸರಿ" ಎಂದು ಸಹಿ ಹಾಕಿದರು. ಬಾಗಿಲು ಹಾಕಿ ಬಸ್ಸಿಗೆ ನಡೆದರು. ಅವರ ಊರಿನ ಐದು ಗಂಟೆಯ ಬಸ್ಸು ಅಂದು ಹೊರಟುಹೋಗಿತ್ತು ಎಂಬುದು ನನಗೆ ಬಹಳ ವರ್ಷದ ಮೇಲೆ ತಿಳಿಯಿತು.

ಆ ರೆಕಾರ್ಡನ್ನು ಇವತ್ತು ವಸ್ತುಪ್ರದರ್ಶನದ ಕೊಠಡಿಯಲ್ಲಿ ಇಟ್ಟಿದ್ದೇನೆ. ಎರಡು ಪುಟವೂ ಇವೆ. ಸಹಿ ಇಲ್ಲದ್ದು, ಸಹಿ ಇರುವುದು. ಮಕ್ಕಳು ಎರಡನ್ನೂ ನೋಡಲಿ. ಮೇಷ್ಟ್ರು ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಸಾರ್, ಅವತ್ತು ಹೇಳಬೇಕಿತ್ತು, ಇವತ್ತು ಹೇಳುತ್ತಿದ್ದೇನೆ. ನಿಮ್ಮ ಪಾದಕ್ಕೆ ನಮಸ್ಕಾರ.